ತಿಳಿನೀರನ್ನು ಪ್ರಶ್ನಿಸಿದ ವಕೀಲ: ಎಡ್ವರ್ಡ್ ಆಲ್ಫ್ರೆಡ್ ಮಾರ್ಟೆಲ್

ನೀರು ಕಣ್ಣಿಗೆ ತಿಳಿಯಾಗಿ ಕಂಡರೆ ಕುಡಿಯಲು ಯೋಗ್ಯ ಎಂಬ ನಂಬಿಕೆ ಜನರಲ್ಲಿ ಬಹಳ ಹಿಂದಿನಿಂದಲೂ ಇದೆ. ಅದರಲ್ಲೂ ಬೆಟ್ಟದ ಬುಡದಲ್ಲಿ ಬಂಡೆಯ ಸಂದಿನಿಂದ ಹೊರಬರುವ ತಣ್ಣನೆಯ ಬುಗ್ಗೆಯ ನೀರೆಂದರೆ ಅದಕ್ಕಿಂತ ಶುದ್ಧವಾದುದು ಬೇರೊಂದಿಲ್ಲ ಎಂದೇ ಎಲ್ಲರ ಭಾವನೆ. ನೆಲದೊಳಗೆ ಹಾದು ಬಂದ ನೀರು ತಾನಾಗಿಯೇ ಸೋಸಿಕೊಂಡು ಬರುತ್ತದೆ ಎಂದು ನಾವು ತಿಳಿದಿದ್ದೇವೆ. ಮರಳು ಮಣ್ಣಿನ ನಾಡಿನಲ್ಲಿ ಈ ತಿಳಿವಳಿಕೆ ಬಹುಮಟ್ಟಿಗೆ ಸರಿ. ಆದರೆ ಸುಣ್ಣದಕಲ್ಲಿನ ನಾಡಿನಲ್ಲಿ ಅದು ತಪ್ಪು, ಅಪಾಯಕಾರಿ ಕೂಡ. ಈ ಸತ್ಯವನ್ನು ಪಾತಾಳಕ್ಕಿಳಿದು ಕಣ್ಣಾರೆ ಕಂಡು, ಅದನ್ನು ಒಂದು ದೇಶದ ಕಾನೂನಿನೊಳಗೆ ಸೇರುವಂತೆ ಮಾಡಿದವರು ಫ್ರಾನ್ಸಿನ ಎಡ್ವರ್ಡ್ ಆಲ್ಫ್ರೆಡ್ ಮಾರ್ಟೆಲ್. ಗುಹಾಶೋಧನೆಯನ್ನು ವಿಜ್ಞಾನದ ಒಂದು ಶಾಖೆಯಾಗಿ ಬೆಳೆಸಿದವರೆಂದು ಜಗತ್ತು ಅವರನ್ನು ನೆನೆಯುತ್ತದೆ. ಆದರೆ ಅವರ ಜೀವನದ ದೊಡ್ಡ ಸಾಧನೆ ಗುಹೆಗಳಿಗಿಂತಲೂ ಹೆಚ್ಚಾಗಿ ಹಳ್ಳಿಗರ ಕುಡಿಯುವ ನೀರಿಗೆ ಸಂಬಂಧಿಸಿದ್ದು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಮಾರ್ಟೆಲ್ ಅವರು 1859ರ ಜುಲೈ 1ರಂದು ಪ್ಯಾರಿಸ್ ಸಮೀಪದ ಪಾಂತ್ವಾಜ್ ಎಂಬ ಊರಿನಲ್ಲಿ ಜನಿಸಿದರು. ಅವರದು ನ್ಯಾಯವಾದಿಗಳ ಮನೆತನ. ಮಗನೂ ಅದೇ ವೃತ್ತಿಯನ್ನು ಹಿಡಿಯಬೇಕೆಂಬುದು ಮನೆಯ ನಿರೀಕ್ಷೆಯಾಗಿತ್ತು. 1866ರಲ್ಲಿ, ಏಳು ವರ್ಷದ ಬಾಲಕನಾಗಿದ್ದಾಗ, ತಂದೆತಾಯಿಯರೊಡನೆ ಪಿರನೀಸ್ ಪರ್ವತಗಳ ಕಡೆಗೆ ಹೋಗಿ ಗಾರ್ಗಾಸ್ ಗುಹೆಯನ್ನು ನೋಡಿದರು. ಕತ್ತಲೆಯ ಆ ಲೋಕ ಬಾಲಕನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು. ಜೂಲ್ಸ್ ವರ್ನ್ ಬರೆದ ಸಾಹಸ ಕಥೆಗಳೆಂದರೆ ಅವರಿಗೆ ಪ್ರಾಣ. ಭೂಗೋಳ ಅಚ್ಚುಮೆಚ್ಚಿನ ವಿಷಯ. 1877ರಲ್ಲಿ ಫ್ರಾನ್ಸಿನ ಶಾಲೆಗಳ ನಡುವೆ ನಡೆಯುವ ರಾಷ್ಟ್ರೀಯ ಸ್ಪರ್ಧೆಯಲ್ಲಿ ಭೂಗೋಳದಲ್ಲಿ ಪ್ರಥಮ ಬಹುಮಾನ ಪಡೆದರು.

1879ರಲ್ಲಿ ಅವರು ಇಂದಿನ ಸ್ಲೊವೇನಿಯಾದಲ್ಲಿರುವ ಪೋಸ್ಟೋಯ್ನಾ ಗುಹೆಗಳನ್ನು ಕಂಡರು. ಅಲ್ಲಿ ಒಂದು ನದಿಯೇ ಗುಹೆಯೊಳಗೆ ಹೊಕ್ಕು ಮರೆಯಾಗುತ್ತದೆ. ಆ ಭಾಗದಲ್ಲಿರುವ ಕ್ರಾಸ್ ಎಂಬ ಕಲ್ಲುನಾಡನ್ನು ಜರ್ಮನ್ ಭಾಷೆಯಲ್ಲಿ ಕಾರ್ಸ್ಟ್ ಎಂದು ಕರೆಯುತ್ತಿದ್ದರು. ಮುಂದೆ ಜಗತ್ತಿನ ಎಲ್ಲೆಡೆ ಇಂತಹ ಭೂಪ್ರದೇಶಕ್ಕೆ ಕಾರ್ಸ್ಟ್ ಎಂಬ ಹೆಸರೇ ನಿಂತಿತು. ಮಾರ್ಟೆಲ್ ಕಾನೂನು ವ್ಯಾಸಂಗ ಮುಗಿಸಿ ಪ್ಯಾರಿಸ್‌ನ ವಾಣಿಜ್ಯ ನ್ಯಾಯಾಲಯದಲ್ಲಿ ವಕೀಲರಾಗಿ ನೆಲೆಯೂರಿದರು. ವರ್ಷವಿಡೀ ಕಕ್ಷಿದಾರರ ಕಡತಗಳ ನಡುವೆ ದುಡಿಮೆ, ಬೇಸಿಗೆ ರಜೆ ಬಂದೊಡನೆ ದಕ್ಷಿಣ ಫ್ರಾನ್ಸಿನ ಕಲ್ಲುನಾಡಿಗೆ ಪಯಣ, ಇದು ಅವರ ಕ್ರಮವಾಯಿತು. ವೃತ್ತಿಯಿಂದ ಅವರು ಭೂವಿಜ್ಞಾನಿಯಾಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಮೇಲೆ ಒಣನೆಲ, ಕೆಳಗೆ ನದಿ

ದಕ್ಷಿಣ ಫ್ರಾನ್ಸಿನಲ್ಲಿ ಕೋಸ್ ಎಂದು ಕರೆಯಲಾಗುವ ವಿಶಾಲವಾದ ಸುಣ್ಣದಕಲ್ಲಿನ ಪ್ರಸ್ಥಭೂಮಿಗಳಿವೆ. ತಾರ್ನ್, ಜೋಂತ್ ಮುಂತಾದ ನದಿಗಳು ಈ ಪ್ರಸ್ಥಭೂಮಿಗಳನ್ನು ಸೀಳಿಕೊಂಡು ನೂರಾರು ಮೀಟರ್ ಆಳದ ಕಣಿವೆಗಳಲ್ಲಿ ಹರಿಯುತ್ತವೆ. ಮೇಲಿನ ಬಯಲಿನಲ್ಲಿ ಹಳ್ಳವಿಲ್ಲ, ಕೆರೆಯಿಲ್ಲ. ಅಲ್ಲಿನ ಕುರಿಗಾಹಿಗಳು ತಗ್ಗಿನಲ್ಲಿ ಜೇಡಿಮಣ್ಣು ಮೆತ್ತಿ, ಕಲ್ಲು ಹಾಸಿ ಮಾಡಿದ ಸಣ್ಣ ಹೊಂಡಗಳಲ್ಲಿ ಮಳೆನೀರು ಹಿಡಿದು ಕುರಿಗಳಿಗೆ ಕುಡಿಸುತ್ತಿದ್ದರು. ಮನೆಬಳಕೆಗೆ ಮಾಡಿನ ನೀರನ್ನು ತೊಟ್ಟಿಗಳಲ್ಲಿ ಕೂಡಿಡುತ್ತಿದ್ದರು. ಆದರೆ ಕಣಿವೆಯ ತಳದಲ್ಲಿ, ಬಂಡೆಯ ಬುಡದಿಂದ ದೊಡ್ಡ ದೊಡ್ಡ ಬುಗ್ಗೆಗಳು ಹೊರಬರುತ್ತವೆ. ಕೆಲವಂತೂ ಹೊರಬಂದ ಕಡೆಯೇ ಸಣ್ಣ ನದಿಯಷ್ಟಿರುತ್ತವೆ. ಬಯಲಿನ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಯಿತು? ಬುಗ್ಗೆಗೆ ನೀರು ಎಲ್ಲಿಂದ ಬಂತು? ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಎಂದು ಊಹಿಸಿದವರು ಮಾರ್ಟೆಲ್‌ಗಿಂತ ಮೊದಲೂ ಇದ್ದರು. ಆದರೆ ನಡುವಿನ ದಾರಿಯನ್ನು ಇಳಿದು ನೋಡಿದವರು ತೀರ ವಿರಳ.

ಈ ದಾರಿ ಹೇಗೆ ಉಂಟಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ತಿಳಿಯುವುದು ಅಗತ್ಯ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ಸೌಮ್ಯವಾದ ಆಮ್ಲವಾಗುತ್ತದೆ. ಈ ಆಮ್ಲ ಗ್ರಾನೈಟಿನಂತಹ ಕಲ್ಲಿಗೆ ಹೆಚ್ಚೇನೂ ಮಾಡಲಾರದು. ಆದರೆ ಸುಣ್ಣದಕಲ್ಲನ್ನು ಅದು ಮೆಲ್ಲಮೆಲ್ಲನೆ ಕರಗಿಸುತ್ತದೆ. ಗಡಸು ನೀರನ್ನು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವುದನ್ನು ನಾವೆಲ್ಲ ನೋಡಿದ್ದೇವೆ. ಹೀಗೆ ಕರಗಿ ಬಂದ ಕಲ್ಲೇ ಮತ್ತೆ ಗಟ್ಟಿಯಾಗಿ ಅಲ್ಲಿ ಕುಳಿತಿರುತ್ತದೆ. ಸಾವಿರಾರು, ಲಕ್ಷಾಂತರ ವರ್ಷಗಳಲ್ಲಿ ಕೂದಲೆಳೆಯಂತಹ ಬಿರುಕು ಬೆರಳಷ್ಟಾಗಿ, ಕೊಳವೆಯಾಗಿ, ಕೊನೆಗೆ ಮನುಷ್ಯ ನಡೆಯಬಹುದಾದ ಸುರಂಗವಾಗುತ್ತದೆ. ಮೇಲಿನ ಚಾವಣಿ ಕುಸಿದರೆ ಬಾಯಿ ತೆರೆದ ಆಳವಾದ ಕುಳಿ ಉಂಟಾಗುತ್ತದೆ. ಇಂತಹ ಕುಳಿಗಳನ್ನು ಕೋಸ್ ನಾಡಿನ ಜನ ಆವೆನ್ ಎಂದು ಕರೆದರೆ, ಪಶ್ಚಿಮದ ಲಾಟ್ ಜಿಲ್ಲೆಯ ಜನ ಈಗ್ ಎಂದು ಕರೆಯುತ್ತಾರೆ. ಹಳ್ಳಿಗರಿಗೆ ಅವು ಭಯದ ತಾಣಗಳು. ಸೈತಾನನ ಬಾಗಿಲೆಂದೂ ದೆವ್ವದ ಬಾವಿಯೆಂದೂ ಅವುಗಳ ಬಗ್ಗೆ ಕಥೆಗಳಿದ್ದವು.

ಭೂಗರ್ಭಕ್ಕೆ ಮೊದಲ ಹೆಜ್ಜೆ

1888ರ ಜೂನ್ ತಿಂಗಳಲ್ಲಿ ಮಾರ್ಟೆಲ್ ಅವರ ನಿಜವಾದ ಕೆಲಸ ಆರಂಭವಾಯಿತು. ಕಾಮ್‌ಪ್ರಿಯು ಎಂಬ ಹಳ್ಳಿಯ ಬಳಿ ಬೊನ್ಯೂರ್ ಎಂಬ ತೊರೆ ನೆಲದೊಳಗೆ ಹೊಕ್ಕು ಮಾಯವಾಗಿ, ಬ್ರಾಮಾಬಿಯೋ ಎಂಬಲ್ಲಿ ಬಂಡೆಯ ಸೀಳಿನಿಂದ ಹೊರಬೀಳುತ್ತದೆ. ಪ್ರವಾಹದ ಕಾಲದಲ್ಲಿ ಅದರ ಸದ್ದು ಎತ್ತಿನ ಗುಟುರಿನಂತೆ ಕೇಳಿಸುವುದರಿಂದ ಆ ಹೆಸರು ಬಂದಿದೆ. ಮಾರ್ಟೆಲ್ ಮತ್ತು ಸಂಗಡಿಗರು ತೊರೆಯ ದಾರಿಯನ್ನೇ ಹಿಡಿದು, ಒಂದು ಕಡೆ ಒಳಹೊಕ್ಕು ಇನ್ನೊಂದು ಕಡೆ ಹೊರಬಂದರು. ಮುಳುಗುವ ತೊರೆಯೂ ಹೊರಬರುವ ಬುಗ್ಗೆಯೂ ಒಂದೇ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿರಲಿಲ್ಲ.

ಮರುವರ್ಷ, 1889ರ ಜುಲೈ 9ರಂದು, ಅವರು ಲಾಟ್ ಜಿಲ್ಲೆಯ ಪಾದಿರಾಕ್ ಕುಳಿಗೆ ಇಳಿದರು. ಮೂವತ್ತು ಮೀಟರಿಗೂ ಹೆಚ್ಚು ಅಗಲವಾದ ಬಾಯಿ, ಸುಮಾರು 75 ಮೀಟರ್ ಆಳ. ಜೊತೆಯಲ್ಲಿ ಅವರ ಬಂಧು ಗಾಬ್ರಿಯೆಲ್ ಗೋಪಿಯಾ, ಲ ರೋಜಿಯೆ ಎಂಬ ಊರಿನ ಕಮ್ಮಾರ ಲೂಯಿ ಅರ್ಮಾಂ ಮತ್ತು ಎಮಿಲ್ ಫೂಲ್ಕಿಯೆ ಇದ್ದರು. ಹಗ್ಗದ ಏಣಿ, ಮೇಣದ ಬತ್ತಿ ಮತ್ತು ಮಡಚಬಹುದಾದ ಕ್ಯಾನ್ವಾಸ್ ದೋಣಿ, ಇವೇ ಅವರ ಮುಖ್ಯ ಸಲಕರಣೆಗಳು. ಕುಳಿಯ ತಳದಿಂದ ಇನ್ನೂ ಕೆಳಗಿಳಿದಾಗ, ನೆಲಮಟ್ಟದಿಂದ ಸುಮಾರು 100 ಮೀಟರ್ ಆಳದಲ್ಲಿ, ಗಾಜಿನಂತೆ ನಿರ್ಮಲವಾಗಿ ಹರಿಯುವ ನದಿಯೊಂದು ಎದುರಾಯಿತು. ಕತ್ತಲಲ್ಲಿ ದೋಣಿ ನಡೆಸುತ್ತಾ ಅವರು ಎಷ್ಟೋ ದೂರ ಸಾಗಿದರು. ಮುಂದೆ ಈ ಗುಹೆಯನ್ನು ಸಾರ್ವಜನಿಕರಿಗೆ ತೆರೆಯುವ ಕೆಲಸವನ್ನೂ ಮಾರ್ಟೆಲ್ ಅವರೇ ಮುಂದೆ ನಿಂತು ಮಾಡಿಸಿದರು. 1899ರಲ್ಲಿ ಅದರ ಅಧಿಕೃತ ಉದ್ಘಾಟನೆಯಾಯಿತು. ಇಂದಿಗೂ ಅದು ಫ್ರಾನ್ಸಿನ ಪ್ರಸಿದ್ಧ ಪ್ರವಾಸಿ ತಾಣಗಳಲ್ಲಿ ಒಂದು.

ರೋಗ ತಂದ ಬುಗ್ಗೆ

ಇಲ್ಲಿಯವರೆಗೆ ಮಾರ್ಟೆಲ್ ಅವರ ಕಾರ್ಯ ಸಾಹಸ ಮತ್ತು ಕುತೂಹಲದ ಮಟ್ಟದಲ್ಲಿತ್ತು. 1891ರ ಒಂದು ಘಟನೆ ಅದಕ್ಕೆ ಬೇರೆಯೇ ದಿಕ್ಕು ತೋರಿಸಿತು. ಅದೇ ಲಾಟ್ ಜಿಲ್ಲೆಯಲ್ಲಿ ಅವರು ಒಂದು ಬುಗ್ಗೆಯ ನೀರನ್ನು ಕುಡಿದರು. ನೀರು ತಿಳಿಯಾಗಿತ್ತು, ತಂಪಾಗಿತ್ತು. ಸಂಶಯಪಡಲು ಕಾರಣವೇ ಇರಲಿಲ್ಲ. ಆದರೆ ಅದರ ನಂತರ ಅವರು ತೀವ್ರವಾಗಿ ಕಾಯಿಲೆ ಬಿದ್ದರು. ಆ ಬುಗ್ಗೆಗೆ ಸಂಬಂಧಿಸಿದ ಬೆರ್ರಿ ಎಂಬ ಕುಳಿಯನ್ನು ಇಳಿದು ಶೋಧಿಸಿದಾಗ ಕಾರಣ ಕಣ್ಣೆದುರಿಗೇ ಬಿದ್ದಿತ್ತು. ಕುಳಿಯ ತಳದಲ್ಲಿ ಕರುವೊಂದರ ಕೊಳೆತ ಹೆಣ. ಅದನ್ನು ತೊಳೆದುಕೊಂಡು ಹರಿಯುವ ನೀರೇ ಕೆಳಗಿನ ಬುಗ್ಗೆಯಾಗಿ ಹೊರಬರುತ್ತಿತ್ತು.

ಸತ್ತ ಜಾನುವಾರನ್ನು ಕುಳಿಗೆ ಎಸೆಯುವುದು ಆ ಭಾಗದಲ್ಲಿ ತಲೆಮಾರುಗಳಿಂದ ನಡೆದುಬಂದ ರೂಢಿ. ಹಾಗೆ ಮಾಡಿದ ರೈತರನ್ನು ಕೆಟ್ಟವರೆಂದು ಹೇಳುವಂತಿಲ್ಲ. ಮಣ್ಣು ತೆಳುವಾಗಿರುವ ಕಲ್ಲುನೆಲದಲ್ಲಿ ಗುಂಡಿ ತೋಡಿ ಹೂಳುವುದು ಕಷ್ಟದ ಕೆಲಸ. ಹೆಣವನ್ನು ಬಯಲಿನಲ್ಲಿ ಬಿಟ್ಟರೆ ರೋಗ ಹರಡುತ್ತದೆ ಎಂಬ ತಿಳಿವಳಿಕೆ ಅವರಿಗಿತ್ತು. ತಳ ಕಾಣದ ಕುಳಿಗೆ ಹಾಕಿದರೆ ಕಣ್ಣಿಂದಲೂ ಮೂಗಿನಿಂದಲೂ ದೂರವಾಗುತ್ತದೆ, ಅಲ್ಲಿಗೆ ಮುಗಿಯಿತು ಎಂದು ಅವರು ಭಾವಿಸಿದ್ದರು. ಆದರೆ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಮೇಲಿನ ಬಯಲಿನವರು ಎಸೆದದ್ದನ್ನು ಕಣಿವೆಯ ಹಳ್ಳಿಯವರು ಕೊಡದಲ್ಲಿ ಹೊತ್ತು ಮನೆಗೆ ಒಯ್ಯುತ್ತಿದ್ದರು. ಎಸೆದವರು ಕುಡಿಯುವವರನ್ನು ಕಂಡಿರಲಿಲ್ಲ. ಕುಡಿಯುವವರಿಗೆ ಎಸೆದವರು ಯಾರೆಂದು ತಿಳಿದಿರಲಿಲ್ಲ. ನಡುವಿನ ಕತ್ತಲ ದಾರಿಯನ್ನು ನೋಡಿದವರು ಮಾರ್ಟೆಲ್ ಮತ್ತು ಅವರ ಕೆಲವೇ ಸಂಗಡಿಗರು. ಆದ್ದರಿಂದ ಈ ವಿಷಯವನ್ನು ಜನರಿಗೆ ತಿಳಿಸುವ ಹೊಣೆಯೂ ತಮ್ಮದೇ ಎಂದು ಅವರು ಅರಿತುಕೊಂಡರು.

ಬುಗ್ಗೆಯಲ್ಲ, ಮರಳಿ ಬಂದ ಹೊಳೆ

ಮಾರ್ಟೆಲ್ ಅವರ ವಾದ ಸರಳವಾಗಿತ್ತು. ಮರಳಿನ ನೆಲದಲ್ಲಿ ನೀರು ಕಣಕಣಗಳ ನಡುವಿನ ಸೂಕ್ಷ್ಮ ರಂಧ್ರಗಳಲ್ಲಿ ಬಹಳ ನಿಧಾನವಾಗಿ ಇಳಿಯುತ್ತದೆ. ಈ ಪಯಣದಲ್ಲಿ ತಿಂಗಳುಗಳೇ ಕಳೆಯಬಹುದು. ಕೊಳೆ ಕಣಗಳಿಗೆ ಅಂಟಿಕೊಳ್ಳುತ್ತದೆ, ರೋಗಾಣುಗಳು ಬಹುಮಟ್ಟಿಗೆ ಸಾಯುತ್ತವೆ. ಸುಣ್ಣದಕಲ್ಲಿನಲ್ಲಿ ಹಾಗಲ್ಲ. ಅಲ್ಲಿ ನೀರು ತೆರೆದ ಬಿರುಕು ಮತ್ತು ಸುರಂಗಗಳಲ್ಲಿ ಹೊಳೆಯಂತೆ ಓಡುತ್ತದೆ. ಕಿಲೋಮೀಟರುಗಟ್ಟಲೆ ದಾರಿಯನ್ನು ಗಂಟೆಗಳಲ್ಲಿ ಅಥವಾ ಕೆಲವೇ ದಿನಗಳಲ್ಲಿ ಮುಗಿಸುತ್ತದೆ. ಸೋಸುವ ಮರಳಿಲ್ಲ, ರೋಗಾಣುಗಳನ್ನು ಕೊಲ್ಲುವ ಬಿಸಿಲೂ ಇಲ್ಲ. ದಾರಿಯ ತಗ್ಗುಗಳಲ್ಲಿ ಕೆಸರು ತಳಕ್ಕೆ ಕೂರುವುದರಿಂದ ನೀರು ತಿಳಿಯಾಗಿ ಕಾಣುತ್ತದೆ ಅಷ್ಟೆ. ಕೆಸರು ಹೋಗುತ್ತದೆ, ರೋಗಾಣು ಉಳಿಯುತ್ತದೆ.

ಹೀಗಾಗಿ ಇಂತಹ ನೀರನ್ನು ನಿಜವಾದ ಬುಗ್ಗೆ ಎಂದು ಕರೆಯುವುದೇ ತಪ್ಪು ಎಂದು ಅವರು ಪಟ್ಟು ಹಿಡಿದರು. ಮೇಲೆ ಮುಳುಗಿದ ಹೊಳೆಯೇ ಕೆಳಗೆ ಮತ್ತೆ ತಲೆಯೆತ್ತುತ್ತದೆ, ಆದ್ದರಿಂದ ಅದನ್ನು ಮರುಹುಟ್ಟು ಪಡೆದ ನೀರು ಎಂಬ ಅರ್ಥದ ಬೇರೆ ಹೆಸರಿನಿಂದ ಕರೆಯಬೇಕೆಂದರು. ಹೆಸರಿನ ವಿಷಯ ಚಿಕ್ಕದೆಂದು ತೋರಬಹುದು. ಆದರೆ ವಕೀಲರಾಗಿದ್ದ ಅವರಿಗೆ ಒಂದು ಪದದ ಬೆಲೆ ತಿಳಿದಿತ್ತು. ಬುಗ್ಗೆ ಎಂದು ಕಡತದಲ್ಲಿ ಬರೆದರೆ ಅಧಿಕಾರಿ ಕಣ್ಣುಮುಚ್ಚಿ ಸಹಿ ಹಾಕುತ್ತಾನೆ. ಹೊಳೆ ಎಂದು ಬರೆದರೆ, ಆ ಹೊಳೆ ಎಲ್ಲಿಂದ ಬರುತ್ತದೆ, ಅದಕ್ಕೆ ಏನೇನು ಸೇರುತ್ತದೆ ಎಂದು ಕೇಳಲೇಬೇಕಾಗುತ್ತದೆ.

ಅದು ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ ಅವರ ರೋಗಾಣು ಸಿದ್ಧಾಂತ ಬೇರುಬಿಟ್ಟಿದ್ದ ಕಾಲ. ಟೈಫಾಯ್ಡ್ ಜ್ವರ ನೀರಿನ ಮೂಲಕ ಹರಡುತ್ತದೆ ಎಂಬುದು ವೈದ್ಯರಿಗೆ ಗೊತ್ತಾಗಿತ್ತು. ನಗರಗಳು ಕೊಳಕಾದ ನದಿ ನೀರನ್ನು ಬಿಟ್ಟು ದೂರದ ಬುಗ್ಗೆಗಳಿಂದ ನೀರು ತರುತ್ತಿದ್ದವು. ರಾಜಧಾನಿ ಪ್ಯಾರಿಸ್ ಕೂಡ ವಾನ್, ಆವ್ರ್ ಮುಂತಾದ ಕಣಿವೆಗಳ ಬುಗ್ಗೆಗಳ ನೀರನ್ನು ಕಾಲುವೆಗಳ ಮೂಲಕ ತರಿಸಿಕೊಂಡಿತ್ತು. ಆ ಕಣಿವೆಗಳೂ ಸುಣ್ಣಭರಿತ ಸೀಮೆಸುಣ್ಣದ ಕಲ್ಲಿನವೇ. ಬುಗ್ಗೆ ಎಂದರೆ ಶುದ್ಧ ಎಂಬ ನಂಬಿಕೆಯ ಮೇಲೆ ಲಕ್ಷಾಂತರ ಜನರ ಆರೋಗ್ಯ ನಿಂತಿದ್ದ ಸಮಯದಲ್ಲಿ ಮಾರ್ಟೆಲ್ ಆ ನಂಬಿಕೆಯನ್ನೇ ಪ್ರಶ್ನಿಸಿದರು. ಎಲ್ಲರಿಗೂ ಇದು ಹಿಡಿಸಿರಲಾರದು. ಆದರೆ ಅವರು ಊಹೆಯನ್ನು ಹೇಳುತ್ತಿರಲಿಲ್ಲ, ಕಂಡದ್ದನ್ನು ಹೇಳುತ್ತಿದ್ದರು.

ಬಣ್ಣ ಹೇಳಿದ ಸಾಕ್ಷ್ಯ

ಮನುಷ್ಯ ಇಳಿಯಲಾಗದ ಕಿರಿದಾದ ದಾರಿಗಳಲ್ಲಿ ನೀರಿನ ಜಾಡು ಹಿಡಿಯುವುದು ಹೇಗೆ? ಅದಕ್ಕೂ ಒಂದು ಉಪಾಯ ದೊರೆತಿತ್ತು. 1871ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಅಡಾಲ್ಫ್ ಫಾನ್ ಬೇಯರ್ ಅವರು ಫ್ಲೋರೆಸೀನ್ ಎಂಬ ಬಣ್ಣವನ್ನು ತಯಾರಿಸಿದ್ದರು. ಇದರ ಅತ್ಯಲ್ಪ ಪ್ರಮಾಣವೂ ಅಪಾರ ನೀರಿಗೆ ಹೊಳೆಯುವ ಹಸಿರು ಛಾಯೆ ಕೊಡುತ್ತದೆ. ಜರ್ಮನಿಯಲ್ಲಿ ಡ್ಯಾನ್ಯೂಬ್ ನದಿಯ ನೀರು ಒಂದು ಕಡೆ ನದೀಪಾತ್ರದಲ್ಲೇ ಇಂಗಿಹೋಗುತ್ತದೆ. 1877ರಲ್ಲಿ ಅಲ್ಲಿಗೆ 10 ಕಿಲೋ ಬಣ್ಣವನ್ನು ಸುರಿದಾಗ, ಸುಮಾರು 12 ಕಿಲೋಮೀಟರ್ ದೂರದ ಆಖ್ ಎಂಬ ಬುಗ್ಗೆಯಲ್ಲಿ ಎರಡೂವರೆ ದಿನಗಳ ನಂತರ ಹಸಿರು ನೀರು ಕಾಣಿಸಿಕೊಂಡಿತು. ಮಾರ್ಟೆಲ್ ಈ ವಿಧಾನವನ್ನು ಕುಡಿಯುವ ನೀರಿನ ಪರೀಕ್ಷೆಗೆ ಬಳಸಬೇಕೆಂದು ಬಲವಾಗಿ ಪ್ರತಿಪಾದಿಸಿದರು.

1901ರ ಆಗಸ್ಟ್ 11ರಂದು ನಡೆದ ಒಂದು ಅವಘಡ ಯಾರೂ ಯೋಜಿಸದ ಪ್ರಯೋಗವೇ ಆಯಿತು. ಪೂರ್ವ ಫ್ರಾನ್ಸಿನ ಪಾಂತಾರ್ಲಿಯೆ ಪಟ್ಟಣದ ಮದ್ಯ ತಯಾರಿಕಾ ಕಾರ್ಖಾನೆಯೊಂದಕ್ಕೆ ಸಿಡಿಲು ಬಡಿದು ಬೆಂಕಿ ಹತ್ತಿತು. ಸ್ಫೋಟವಾಗದಂತೆ ತಡೆಯಲು ದೊಡ್ಡ ತೊಟ್ಟಿಗಳಲ್ಲಿದ್ದ ಮದ್ಯವನ್ನು ದೂ ನದಿಗೆ ಹರಿಯಬಿಟ್ಟರು. ಎರಡು ದಿನಗಳ ನಂತರ, ಹಲವು ಕಿಲೋಮೀಟರ್ ಆಚೆ, ಬೇರೆಯೇ ಕಣಿವೆಯಲ್ಲಿರುವ ಲೂ ನದಿಯ ಉಗಮದ ನೀರಿನಲ್ಲಿ ಸೋಂಪಿನ ವಾಸನೆ ಬರತೊಡಗಿತು. ಅಲ್ಲಿಯವರೆಗೆ ಎಲ್ಲರೂ ಸ್ವತಂತ್ರ ಬುಗ್ಗೆಯೆಂದು ನಂಬಿದ್ದ ಆ ಉಗಮ, ವಾಸ್ತವದಲ್ಲಿ ದೂ ನದಿಯಿಂದ ಸೋರಿದ ನೀರನ್ನೇ ಪಡೆಯುತ್ತಿತ್ತು. ನಂತರ ನಡೆದ ಬಣ್ಣದ ಪರೀಕ್ಷೆಗಳು ಇದನ್ನು ದೃಢಪಡಿಸಿದವು. ಒಂದು ಕಣಿವೆಯ ಕೊಳೆ ಬೆಟ್ಟದ ಒಳಗಿನಿಂದ ಇನ್ನೊಂದು ಕಣಿವೆಗೆ ಹೋಗಬಲ್ಲದು ಎಂಬುದು ಆಗ ಪಾಮರರಿಗೂ ಅರ್ಥವಾಯಿತು.

ತಿಳಿವಳಿಕೆ ಕಾನೂನಾದದ್ದು

ಪುಸ್ತಕ ಬರೆದರೆ, ಭಾಷಣ ಮಾಡಿದರೆ ಮಾತ್ರ ರೂಢಿ ಬದಲಾಗುವುದಿಲ್ಲ ಎಂಬುದು ಮಾರ್ಟೆಲ್‌ಗೆ ಗೊತ್ತಿತ್ತು. ಅವರು ವಿಜ್ಞಾನ ಸಂಸ್ಥೆಗಳ ಮುಂದೆ, ವೈದ್ಯರ ಮುಂದೆ, ಸರ್ಕಾರದ ಮುಂದೆ ಹತ್ತು ವರ್ಷಗಳ ಕಾಲ ಬಿಡದೆ ಈ ವಿಷಯವನ್ನು ಮಂಡಿಸಿದರು. ಕೊನೆಗೆ 1902ರ ಫೆಬ್ರವರಿ 15ರಂದು ಫ್ರಾನ್ಸಿನಲ್ಲಿ ಸಾರ್ವಜನಿಕ ಆರೋಗ್ಯ ರಕ್ಷಣೆಯ ಮಹತ್ವದ ಕಾನೂನು ರೂಪುಗೊಂಡಿತು. ಸತ್ತ ಪ್ರಾಣಿಗಳು, ಕಸಾಯಿಖಾನೆಯ ತ್ಯಾಜ್ಯ, ಗೊಬ್ಬರ, ಮಲ ಮುಂತಾದ ಕೊಳೆಯುವ ವಸ್ತುಗಳನ್ನು ನೆಲದ ಬಿರುಕು, ಕುಳಿ ಮತ್ತು ಕಂದಕಗಳಿಗೆ ಹಾಕುವುದನ್ನು ಅದು ದಂಡನಾರ್ಹ ಅಪರಾಧವನ್ನಾಗಿ ಮಾಡಿತು. ಊರಿನ ಕುಡಿಯುವ ನೀರಿಗೆ ಬಳಸುವ ಬುಗ್ಗೆಯ ಸುತ್ತ ರಕ್ಷಿತ ವಲಯ ಗುರುತಿಸಬೇಕೆಂಬ ನಿಯಮವೂ ಅದೇ ಕಾನೂನಿನಲ್ಲಿ ಬಂತು. ಕುಳಿಗಳಿಗೆ ಸಂಬಂಧಿಸಿದ ಭಾಗವನ್ನು ಜನ ಮಾರ್ಟೆಲ್ ಕಾನೂನು ಎಂದೇ ಕರೆದರು.

ಅವರ ಈ ಜೀವನವನ್ನು ಅವಲೋಕಿಸಿದಾಗ ಒಂದು ವಿಷಯ ಎದ್ದು ಕಾಣುತ್ತದೆ. ಅವರ ಕಾನೂನು ವಿದ್ಯೆಯೂ ಅವರ ಹವ್ಯಾಸವೂ ಇಲ್ಲಿ ಒಂದಾದವು. ಗುಹೆಗೆ ಇಳಿಯದೆ ಇದ್ದಿದ್ದರೆ ಅವರಿಗೆ ಅಪಾಯ ತಿಳಿಯುತ್ತಿರಲಿಲ್ಲ. ಕಾನೂನು ಓದಿರದಿದ್ದರೆ, ಕಂಡ ಅಪಾಯವನ್ನು ನಿಯಮವಾಗಿಸಲು ಅವರಿಂದ ಇಷ್ಟು ಸಮರ್ಥವಾಗಿ ಆಗುತ್ತಿತ್ತೋ ಇಲ್ಲವೋ. ಮುಂದೆ ಅವರು ವಕೀಲಿ ವೃತ್ತಿಯನ್ನು ಬಿಟ್ಟು ಪೂರ್ಣಾವಧಿ ಭೂಗರ್ಭದ ನೀರಿನ ಅಧ್ಯಯನಕ್ಕೇ ತಮ್ಮನ್ನು ಅರ್ಪಿಸಿಕೊಂಡರು. ಊರುಗಳಿಗೆ ನೀರು ಒದಗಿಸುವ ಯೋಜನೆಗಳಲ್ಲಿ ಸರ್ಕಾರ ಅವರ ಸಲಹೆ ಪಡೆಯಿತು.

ಸಂಘಟನೆ, ಪ್ರವಾಸ, ಗ್ರಂಥಗಳು

1894ರಲ್ಲಿ ಅವರ ಆರು ವರ್ಷಗಳ ಶೋಧನೆಯ ಫಲವಾಗಿ ಪಾತಾಳಕುಳಿಗಳ ಬಗೆಗಿನ ಬೃಹತ್ ಗ್ರಂಥ ಪ್ರಕಟವಾಯಿತು. ಮರುವರ್ಷ, 1895ರಲ್ಲಿ, ಗುಹಾವಿಜ್ಞಾನದ ಸಂಘವನ್ನು ಸ್ಥಾಪಿಸಿ ಸ್ಪೆಲುಂಕಾ ಎಂಬ ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷದ ಆಗಸ್ಟ್ 1ರಂದು ಇಂಗ್ಲೆಂಡಿನ ಯಾರ್ಕ್‌ಶೈರಿನ ಗೇಪಿಂಗ್ ಗಿಲ್ ಎಂಬ ಸುಮಾರು ನೂರು ಮೀಟರ್ ಆಳದ ಕುಳಿಯ ತಳವನ್ನು ಮುಟ್ಟಿದ ಮೊದಲ ವ್ಯಕ್ತಿಯಾದರು. ಅಲ್ಲಿ ತೊರೆಯೊಂದು ಜಲಪಾತವಾಗಿ ಕುಳಿಯೊಳಕ್ಕೆ ಧುಮುಕುತ್ತದೆ. ಅದರ ಪಕ್ಕದಲ್ಲೇ ಹಗ್ಗದ ಏಣಿಯಲ್ಲಿ ಅವರು ಇಳಿದರು. 1896ರಲ್ಲಿ ಸ್ಪೇನಿನ ಮಜೋರ್ಕಾ ದ್ವೀಪದ ಗುಹೆಗಳಲ್ಲಿ ಅವರು ಶೋಧಿಸಿದ ಭೂಗತ ಸರೋವರ ಇಂದು ಅವರ ಹೆಸರಿನಲ್ಲೇ ಇದೆ. 1903ರಲ್ಲಿ ಕಪ್ಪು ಸಮುದ್ರದ ತೀರದ ಕಾಕಸಸ್ ಪ್ರದೇಶವನ್ನು ಸಂದರ್ಶಿಸಿದರು. 1905ರ ಆಗಸ್ಟ್‌ನಲ್ಲಿ ಫ್ರಾನ್ಸಿನ ವೆರ್ದೋಂ ನದಿಯ ಭೀಕರ ಕಮರಿಯನ್ನು ದಾಟಿದರು. ಈ ತಂಡದಲ್ಲಿ ಆ ಭಾಗದ ಶಾಲಾ ಶಿಕ್ಷಕ ಇಸಿದೋರ್ ಬ್ಲಾಂ ಅವರೂ ಇದ್ದರು.

1897ರ ಸೆಪ್ಟೆಂಬರ್‌ನಲ್ಲಿ ಕಮ್ಮಾರ ಲೂಯಿ ಅರ್ಮಾಂ ಅವರು ಕೋಸ್ ಬಯಲಿನಲ್ಲಿ ಒಂದು ಕುಳಿಯನ್ನು ಪತ್ತೆಹಚ್ಚಿದರು. ಅದರೊಳಗೆ ಸುಣ್ಣ ಗಟ್ಟಿಗೊಂಡು ಬೆಳೆದ ನೂರಾರು ಕಂಬಗಳ ಕಾಡೇ ಇತ್ತು. ಅತ್ಯಂತ ಎತ್ತರದ ಕಂಬ ಸುಮಾರು 30 ಮೀಟರ್. ಪ್ಯಾರಿಸ್ಸಿನ ಪ್ರಸಿದ್ಧ ಶೋಧಕರಾಗಿದ್ದ ಮಾರ್ಟೆಲ್ ಅದಕ್ಕೆ ತಮ್ಮ ಹೆಸರಿಟ್ಟುಕೊಳ್ಳಲಿಲ್ಲ. ಹಳ್ಳಿಯ ಕಮ್ಮಾರನ ಹೆಸರಿಟ್ಟರು. ಆವೆನ್ ಅರ್ಮಾಂ ಎಂದೇ ಅದು ಇಂದು ಪ್ರಸಿದ್ಧ. ಜೊತೆಗೆ ದುಡಿದವರ ಶ್ರಮವನ್ನು ಗೌರವಿಸುವ ಈ ಗುಣ ಎಲ್ಲ ಕಾಲಕ್ಕೂ ಅನುಕರಣೀಯ.

ಅವರ ಎಲ್ಲ ಅಭಿಪ್ರಾಯಗಳೂ ಕಾಲದ ಪರೀಕ್ಷೆಯಲ್ಲಿ ಹಾಗೆಯೇ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಸುಣ್ಣದಕಲ್ಲಿನಲ್ಲಿ ಒಂದೇ ಮಟ್ಟದ ಅಂತರ್ಜಲ ಇರುವುದಿಲ್ಲ, ಬಿಡಿಬಿಡಿಯಾದ ಕೊಳವೆಗಳಲ್ಲಿ ಮಾತ್ರ ನೀರಿದೆ ಎಂದು ಅವರು ವಾದಿಸಿದರು. ಆಲ್ಫ್ರೆಡ್ ಗ್ರುಂಡ್ ಮುಂತಾದವರು ಇದಕ್ಕೆ ವಿರುದ್ಧವಾದ ಸಿದ್ಧಾಂತವನ್ನು ಮಂಡಿಸಿದರು. ಆಳದಲ್ಲಿ ಬಿರುಕುಗಳೆಲ್ಲ ನೀರಿನಿಂದ ತುಂಬಿ ಒಂದಕ್ಕೊಂದು ಕೂಡಿಕೊಂಡಿರುತ್ತವೆ, ಅವುಗಳ ನಡುವೆ ವೇಗವಾಗಿ ಹರಿಯುವ ಕೊಳವೆಗಳೂ ಇರುತ್ತವೆ ಎಂದು ಇಂದಿನ ವಿಜ್ಞಾನ ಹೇಳುತ್ತದೆ. ಎರಡೂ ಪಕ್ಷಗಳಲ್ಲಿ ಸತ್ಯಾಂಶವಿತ್ತು. ಆದರೆ ಆರೋಗ್ಯದ ದೃಷ್ಟಿಯಿಂದ ಮಾರ್ಟೆಲ್ ಕೊಟ್ಟ ಎಚ್ಚರಿಕೆ ಮಾತ್ರ ಅಲುಗಾಡಲಿಲ್ಲ.

1921ರಲ್ಲಿ ಭೂಗರ್ಭದ ನೀರಿನ ಕುರಿತ ಅವರ ಮಹಾಗ್ರಂಥ ಹೊರಬಂತು. ಪ್ಯಾರಿಸ್‌ನ ಭೂಗೋಳ ಸಂಘದ ಅಧ್ಯಕ್ಷ ಪದವಿಯೂ ಅವರಿಗೆ ಒಲಿಯಿತು. 1938ರ ಜೂನ್ 3ರಂದು, ತಮ್ಮ 78ನೆಯ ವಯಸ್ಸಿನಲ್ಲಿ, ಅವರು ನಿಧನರಾದರು.

ಇಂದಿಗೂ ಮುಗಿಯದ ಪಾಠ

ಮಾರ್ಟೆಲ್ ತೀರಿಕೊಂಡು ಎಂಟು ದಶಕಗಳೇ ಕಳೆದಿವೆ. ಅವರ ಮಾತು ಹಳೆಯದಾಗಿದೆಯೇ? 2000ನೆಯ ಇಸವಿಯ ಮೇ ತಿಂಗಳಲ್ಲಿ ಕೆನಡಾದ ವಾಕರ್ಟನ್ ಎಂಬ ಚಿಕ್ಕ ಪಟ್ಟಣದಲ್ಲಿ ನಡೆದದ್ದನ್ನು ನೋಡಿದರೆ ಹಾಗೆನ್ನಲಾಗದು. ಜೋರು ಮಳೆಗೆ ಹೊಲಕ್ಕೆ ಹಾಕಿದ್ದ ಸಗಣಿ ಗೊಬ್ಬರದ ರೋಗಾಣುಗಳು ಬಿರುಕುಬಿಟ್ಟ ಸುಣ್ಣಭರಿತ ಕಲ್ಲಿನ ಮೂಲಕ ಪಟ್ಟಣದ ಕೊಳವೆಬಾವಿಯೊಂದನ್ನು ಸೇರಿದವು. ನೀರಿಗೆ ಕ್ಲೋರಿನ್ ಹಾಕುವುದರಲ್ಲೂ ತಪಾಸಣೆಯಲ್ಲೂ ಲೋಪಗಳಾಗಿದ್ದವು. ಸುಮಾರು ಐದು ಸಾವಿರ ಜನರಿದ್ದ ಊರಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು, 7 ಮಂದಿ ಪ್ರಾಣ ಕಳೆದುಕೊಂಡರು. ನಂತರ ಬಣ್ಣ ಸುರಿದು ಪರೀಕ್ಷಿಸಿದಾಗ, ನೀರು ಕಲ್ಲಿನೊಳಗೆ ಹರಿಯುವ ವೇಗ ಗಣಕಯಂತ್ರದ ಲೆಕ್ಕಾಚಾರಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿತ್ತು. ಮಾರ್ಟೆಲ್ ಅವರ ಪುಸ್ತಕಗಳಲ್ಲಿ ಇದಕ್ಕೆಲ್ಲ ನೂರು ವರ್ಷಗಳ ಹಿಂದೆಯೇ ಎಚ್ಚರಿಕೆ ಇತ್ತು. ಇತ್ತೀಚಿನ ಅಂದಾಜಿನಂತೆ ಜಗತ್ತಿನ ಹತ್ತು ಜನರಲ್ಲಿ ಸುಮಾರು ಒಬ್ಬರು ಇಂತಹ ಸುಣ್ಣದಕಲ್ಲಿನ ನೆಲದ ನೀರನ್ನೇ ಅವಲಂಬಿಸಿದ್ದಾರೆ.

ನಮ್ಮ ರಾಜ್ಯಕ್ಕೂ ಸುಣ್ಣದಕಲ್ಲು ಅಪರಿಚಿತವಲ್ಲ. ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಸುಣ್ಣದಕಲ್ಲೇ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರದ ಕಡೆ, ಬಾಗಲಕೋಟೆ ಜಿಲ್ಲೆಯ ಕೆಲವು ಭಾಗಗಳಲ್ಲಿ ಈ ಕಲ್ಲು ಹರಡಿದೆ. ಉತ್ತರ ಕನ್ನಡದ ಯಾಣದ ಕಪ್ಪು ಶಿಖರಗಳೂ ಸುಣ್ಣದಕಲ್ಲಿನವು. ನಮ್ಮಲ್ಲಿ ಫ್ರಾನ್ಸಿನಂತಹ ವಿಸ್ತಾರವಾದ ಕಾರ್ಸ್ಟ್ ಬಯಲುಗಳಿಲ್ಲ. ರಾಜ್ಯದ ಹೆಚ್ಚಿನ ಭಾಗ ಗಟ್ಟಿ ಕಲ್ಲಿನದು. ಆದರೆ ಗಟ್ಟಿ ಕಲ್ಲಿನಲ್ಲೂ ಕೊಳವೆಬಾವಿಗೆ ನೀರು ಬರುವುದು ಬಿರುಕುಗಳ ಮೂಲಕವೇ. ಬಿರುಕಿಗೆ ಸೋಸುವ ಶಕ್ತಿ ಕಡಿಮೆ. ಶೌಚಗುಂಡಿ ಯಾವ ಕಡೆಗಿದೆ, ಬತ್ತಿದ ಕೊಳವೆಬಾವಿಯ ಬಾಯಿ ಮುಚ್ಚಿದೆಯೇ, ಪಾಳುಬಾವಿಗೆ ಊರಿನ ಕಸ ಬೀಳುತ್ತಿದೆಯೇ, ಇವೆಲ್ಲ ನಮ್ಮ ಊರಿನ ಪ್ರಶ್ನೆಗಳೂ ಹೌದು. ಪಾಳುಬಾವಿಗೆ ಕಸ ಸುರಿಯುವ ಕೈಗೂ ಅಂದು ಕರುವನ್ನು ಕುಳಿಗೆಸೆದ ಕೈಗೂ ಹೆಚ್ಚು ಅಂತರವಿಲ್ಲ.

ವಿದ್ಯಾರ್ಥಿ ಮಿತ್ರರು ಮಾರ್ಟೆಲ್ ಅವರ ಬದುಕಿನಿಂದ ಕಲಿಯಬೇಕಾದದ್ದು ಬಹಳಷ್ಟಿದೆ. ಓದಿದ ವಿಷಯ ಒಂದು, ಆಸಕ್ತಿ ಇನ್ನೊಂದು ಎಂದು ಕೊರಗುವವರು ನಮ್ಮಲ್ಲಿ ಅನೇಕರಿದ್ದಾರೆ. ಈ ವಕೀಲರು ಎರಡನ್ನೂ ಬಿಡಲಿಲ್ಲ, ಎರಡನ್ನೂ ಸಮಾಜದ ಹಿತಕ್ಕೆ ಬಳಸಿದರು. ಎಲ್ಲರೂ ಒಪ್ಪಿದ ನಂಬಿಕೆಯನ್ನು ಇಳಿದು ನೋಡಿ ಪರೀಕ್ಷಿಸಿದರು. ಕಂಡದ್ದನ್ನು ಜನರಿಗೆ ಉಪಯೋಗವಾಗುವವರೆಗೆ ಕೈಬಿಡಲಿಲ್ಲ. ಮುಂದಿನ ಬಾರಿ ನಿಮ್ಮ ಮನೆಯ ಬಾವಿಯಿಂದ ಅಥವಾ ಊರಿನ ಕೊಳವೆಬಾವಿಯಿಂದ ತಿಳಿನೀರನ್ನು ಲೋಟಕ್ಕೆ ತುಂಬಿಸುವಾಗ, ಅದು ಎಲ್ಲಿ ಬಿದ್ದ ಮಳೆ, ಯಾವ ದಾರಿಯಲ್ಲಿ ಬಂತು, ದಾರಿಯಲ್ಲಿ ಏನನ್ನು ತೊಳೆದುಕೊಂಡು ಬಂತು ಎಂದು ಕೇಳಿಕೊಳ್ಳಿ. ಉತ್ತರ ತಿಳಿಯದಿದ್ದರೆ ನೀರನ್ನು ಪರೀಕ್ಷೆಗೆ ಕಳುಹಿಸಿ, ಅಲ್ಲಿಯವರೆಗೆ ಕುದಿಸಿ ಕುಡಿಯಿರಿ.